ನಮ್ಮ ಮಾವನವರ ಬಸ್‌ಸ್ಟ್ಯಾಂಡು

ನಮ್ಮ ಮಾವನವರು ಮಧುಗಿರಿಯ ಅರ್ಧ ಊರಿನ ತಲೆ ಕತ್ತರಿಸಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಂಬಬೇಡಿ. ಆದರೆ ನಾನು ಕಣ್ಣಾರೆ ನೋಡಿದವಳು. ಅಂಚೆಯಣ್ಣನ ತಲೆ, ಹೂವು ಮಾರುವ ಸಾಕಮ್ಮನ ತಲೆ, ಬಸ್ ಕಂಡಕ್ಟರನ ತಲೆ, ಕೊನೆಗೆ ಸಬ್ ಇನ್‌ಸ್ಪೆಕ್ಟರ್ ಸಾಹೇಬರದ್ದೂ! ಕಬ್ಬಿಣ ಕೊಯ್ಯುವ ಬ್ಲೇಡಿನ ತುಂಡಿನಿಂದ ಕುತ್ತಿಗೆ ಕೊಯ್ದು, ತಲೆಯನ್ನು ತುಸು ಎಡಕ್ಕೆ ತಿರುಗಿಸಿ, ಮತ್ತೆ ಅಂಟಿಸಿ, "ಆಂ, ಈಗ ಅವ್ನೇ ಆದ ನೋಡು" ಎನ್ನುತ್ತಿದ್ದರು. ತಲೆ ಕಳೆದುಕೊಂಡವರಲ್ಲಿ ಒಬ್ಬರೂ ದೂರು ಕೊಡಲಿಲ್ಲ. ಕೊಟ್ಟವರು ಒಬ್ಬಾಕೆ ಮಾತ್ರ, ಅದೂ ಮೊಣಕಾಲಿನ ವಿಚಾರಕ್ಕೆ. ಆ ಸುದ್ದಿಗೆ ಆಮೇಲೆ ಬರುತ್ತೇನೆ.

ಇಂಥವರ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಪುರವರದ ಸ್ಕೂಲಿನಲ್ಲಿ ಟೀಚರಾಗಿದ್ದೆ, ದಿನಾ ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಹೊಸ ಮನೆಯ ಅಡುಗೆ ಕಲಿಯುತ್ತಾರೆ. ನಾನು ಕಲಿತದ್ದು ಸೆರಗನ್ನು ಮುಖಕ್ಕೆ ಅಡ್ಡ ಹಿಡಿಯುವುದು! ಮಾವನವರ ಮುಂದೆ ತೋರಿಸುವ ಮರ್ಯಾದೆಯಿಂದಲ್ಲ. ಮಾವನವರಿಂದಾಗಿ ಊರಿನ ಮುಂದೆ ಆಗುತ್ತಿದ್ದ ನಾಚಿಕೆಯಿಂದ.

ಮಾವನವರ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಹಲ್ಲು ಕೀಳುವವರು ಡಾಕ್ಟರು. ಕಿತ್ತ ಜಾಗಕ್ಕೆ ಕೂರಿಸುವ ಸೆಟ್ಟು ತಯಾರಾಗುತ್ತಿದ್ದುದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಮುದುಕರು ನಕ್ಕರೂ ಅರ್ಧ ನಗು ನಮ್ಮಪ್ಪನದ್ದೇ ಎಂದು ನಮ್ಮ ಮನೆಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಅವರೇನೋ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಹೇಳಿ ಆಫೀಸಿಗೆ ಹೊರಟುಬಿಡುತ್ತಿದ್ದರು. ಆ ಕೋಣೆಯ ವಾಸನೆ ಕುಡಿದುಕೊಂಡು ಅಡುಗೆ ಮಾಡುತ್ತಿದ್ದವಳು ನಾನು.

ವಾಸನೆ ಎಂದೆನಲ್ಲ, ಅದು ರಾಳದ್ದು. ಒಂದು ಗುಲಾಬಿ ಪುಡಿ, ಅದಕ್ಕೆ ಬೆರೆಸುವ ಮೂಗು ಸುಡುವಂಥ ಒಂದು ನೀರು. ಎರಡನ್ನೂ ಕಲೆಸಿದರೆ ಮೊದಲು ಒದ್ದೆ ಮರಳಿನಂತಿರುತ್ತದೆ, ಆಮೇಲೆ ಎಳೆ ಬಿಡುತ್ತದೆ, ಆಮೇಲೆ ಹೋಳಿಗೆ ಕಣಕದ ಹದಕ್ಕೆ ಬರುತ್ತದೆ. ಆ ಹದದಲ್ಲಿ ಹೇಗೆ ಬೇಕಾದರೂ ತಿದ್ದಬಹುದು. ಸ್ವಲ್ಪ ತಡವಾಯಿತೋ, ಕಲ್ಲು! ಆದ್ದರಿಂದ ಕಣಕ ಬಂದ ಹೊತ್ತಿನಲ್ಲಿ ಮಾವನವರನ್ನು ದೇವರು ಬಂದು ಕರೆದರೂ ಏಳುವವರಲ್ಲ. ನನ್ನ ತಂದೆ ಮೊದಲ ಸಲ ಮಗಳ ಮನೆಗೆ ಬಂದು, "ಬೀಗರೇ, ಚೆನ್ನಾಗಿದ್ದೀರಾ?" ಎಂದು ಕೈ ಮುಗಿದರೆ ಒಳಗಿನಿಂದ, "ಕೂತ್ಕಳಿ ಬೀಗ್ರೆ, ಕಣಕ ಬಂದೈತೆ!" ಎಂಬ ಉತ್ತರ ಬಂತು. ನಮ್ಮಪ್ಪ ಸಂತೋಷದಿಂದ ಪಂಚೆ ಸಡಿಲಿಸಿಕೊಂಡು ಊಟಕ್ಕೆ ತಯಾರಾದರು. ಬಹಳ ಹೊತ್ತಿನ ಮೇಲೆ ಮಾವನವರು ತಟ್ಟೆಯಲ್ಲಿ ತಂದು ತೋರಿಸಿದ್ದು ಯಾರದೋ ಕೆಳದವಡೆ.

ಇದು ಹಲ್ಲಿಗೇ ನಿಂತಿದ್ದರೆ ನಾನು ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಹಲ್ಲಿನ ಸಾಮಾನು ಮಾರುವ ಅಂಗಡಿಯವರ ಮಗ ಲಂಡನ್ನಿನಿಂದ ಬರುವಾಗ ಒಂದು ಪೆಟ್ಟಿಗೆ ತಂದಿದ್ದನಂತೆ. ಅದರೊಳಗೆ ಬಿಡಿಬಿಡಿಯಾಗಿ ಒಂದು ಪುಟಾಣಿ ರೈಲ್ವೆ ಸ್ಟೇಷನ್ನು. ಜೋಡಿಸಿಕೊಳ್ಳುವುದು ನಮ್ಮ ಕೆಲಸ. ಜೊತೆಗೆ ಹೆಬ್ಬೆರಳೆತ್ತರದ ರಾಳದ ಜನ: ಹ್ಯಾಟಿನ ದೊರೆ, ಕೊಡೆ ಹಿಡಿದ ದೊರೆಸಾನಿ, ಬಂದೂಕಿನ ಸಿಪಾಯಿಗಳು, ಒಂದು ನಾಯಿ. ಮಗನಿಗೆ ಬೇಸರವಾದ ಮೇಲೆ ಅಂಗಡಿಯವರು, "ನಿಮ್ಮ ರಾಳದ್ದೇ ಆಟದ ಸಾಮಾನು, ನೋಡಿ" ಎಂದು ಆ ಪೆಟ್ಟಿಗೆಯನ್ನು ಮಾವನವರ ಕೈಗೆ ಹಾಕಿದರು. ಆ ಪುಣ್ಯಾತ್ಮನಿಗೆ ನಾನು ಏನು ಅನ್ಯಾಯ ಮಾಡಿದ್ದೆನೋ!

ರೈಲಿನ ಹಳಿಯನ್ನೇ ಕಾಣದ ಊರು ನಮ್ಮದು. ರೈಲ್ವೆ ಸ್ಟೇಷನ್ ಇಟ್ಟುಕೊಂಡು ಮಾಡುವುದಾದರೂ ಏನು? ಮಾವನವರು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದರು. "ಮಧುಗಿರಿಗೆ ರೈಲು ಬರೋದು ಯಾವ ಕಾಲಕ್ಕೋ ಏನೋ. ಬಸ್‌ಸ್ಟ್ಯಾಂಡ್ ಮಾಡ್ಬುಡಾನ ಕಣಮ್ಮ" ಎಂದರು. ಮಾಡ್ಬುಟ್ಟರು! ದೊರೆಯ ಹ್ಯಾಟು ಅರದಲ್ಲಿ ಉಜ್ಜಿ ರುಮಾಲಾಯಿತು. ಕೋಟಿನ ಮೇಲೆ ರಾಳ ಮೆತ್ತಿ ಕಂಬಳಿಯಾಯಿತು. ಪ್ಯಾಂಟು ಕೆರೆದು ಕೆರೆದು ಮೊಣಕಾಲು ಹೊರಬಂತು. ಸಿಪಾಯಿಯ ಬಂದೂಕು ಕುರಿ ಕಾಯುವವನ ಕೋಲಾಯಿತು. ನಾಯಿಗೆ ಎರಡು ಕೊಂಬು ಬಂದು ಆಡಾಯಿತು. ಆದರೂ ಮೊದಲ ದಿನಗಳಲ್ಲಿ ನಮ್ಮ ಕುರಿಗಾಹಿಗೆ ಲಂಡನ್ನಿನ ಮೂಗೇ ಇತ್ತು. ದೊರೆಗಳು ಸಾಲದಾದಾಗ ಹಲ್ಲಿನ ಅಚ್ಚು ತೆಗೆಯುವ ಹಾಗೆಯೇ ದೊರೆಯ ಅಚ್ಚು ತೆಗೆದು ಗುಲಾಬಿ ರಾಳ ತುಂಬಿ ಹೊಸಬರನ್ನು ಹುಟ್ಟಿಸಿದರು. ಅಡುಗೆಮನೆಯ ಕಿಟಕಿಯಲ್ಲಿ ಒಸಡಿನ ಬಣ್ಣದ ದೊರೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದರು.

ತೊಂದರೆಯಾದದ್ದು ದೊರೆಸಾನಿಯಿಂದ. ಗೌನು ತೊಟ್ಟವಳಿಗೆ ಸೀರೆ ಉಡಿಸಬೇಕಲ್ಲ! ಒಂದು ಭಾನುವಾರ ನಮ್ಮ ಮನೆಯವರ ಆಫೀಸಿನ ಹೆಡ್ ಗುಮಾಸ್ತರು ಊಟಕ್ಕೆ ಬಂದಿದ್ದರು. ಸಾರು ಬಡಿಸುತ್ತಿದ್ದೆ. ಮಾವನವರು ತುತ್ತು ಬಾಯಿಗಿಡದೆ ನನ್ನನ್ನೇ ನೋಡುತ್ತ, "ಅಮ್ಮಯ್ಯಾ, ಈ ಸೆರಗು ಸೊಂಟದಿಂದ ಹೊರಟು ಎತ್ಲಾಗೆ ಸುತ್ಕೊಂಡು ಹೆಗಲಿಗೆ ಬರ್ತೈತೆ? ಒಸಿ ಹಂಗೇ ತಿರುಗು" ಎಂದುಬಿಟ್ಟರು! ಸಾರಿನ ಪಾತ್ರೆ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ. ನನ್ನ ಮಾನ ಉಳಿಸಲು ನಮ್ಮ ಮನೆಯವರೇ ಎದ್ದು, ಹಾಸಿಗೆಯ ಹೊದಿಕೆಯನ್ನು ಸೀರೆಯಂತೆ ಉಟ್ಟು, ನೆರಿಗೆ ಹಿಡಿದು, ಸೆರಗು ಹೊದ್ದು ತೋರಿಸಿದರು. ಹೆಡ್ ಗುಮಾಸ್ತರು ಸೋಮವಾರ ಆಫೀಸಿನಲ್ಲಿ ಏನು ಹೇಳಿದರೋ ನಾನು ಕೇಳಲು ಹೋಗಲಿಲ್ಲ.

ಮನೆಯೊಳಗಿನ ನಾಚಿಕೆಯನ್ನಾದರೂ ನುಂಗಿಕೊಳ್ಳಬಹುದು. ಬೆಳಗಿನ ಬಸ್‌ಸ್ಟ್ಯಾಂಡಿನದನ್ನು ಏನು ಮಾಡಲಿ? ಸೊಸೆಯನ್ನು ಬಸ್ ಹತ್ತಿಸುವ ನೆಪದಲ್ಲಿ ಮಾವನವರು ದಿನಾ ನನ್ನ ಜೊತೆ ಬರುತ್ತಿದ್ದರು. ಕಂಕುಳಲ್ಲಿ ಕೊಡೆ. ಬಂದವರೇ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ, ಬಸ್ಸಿಗೆ ಕಾಯುವವರ ಮೂಗು, ಬೆನ್ನು, ಕಾಲು ಎಲ್ಲ ಅಳೆಯಲು ನಿಲ್ಲುತ್ತಿದ್ದರು. ಕಂಡವರ ಸುತ್ತ ಒಂದು ಪ್ರದಕ್ಷಿಣೆ. ಹಿಡಿಸಿದರೆ, "ಅಂಗೇ ನಿಂತ್ಕೊಳಪ್ಪ, ಅಲ್ಲಾಡಬ್ಯಾಡ!" ಎಂಬ ಅಪ್ಪಣೆ. ನಾನು ದೂರದ ಕಂಬದ ಮರೆಗೆ ಸರಿದು, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, ಪುರವರದ ಬಸ್ಸು ಬೇಗ ಬರಲಪ್ಪಾ ಎಂದು ಗೊರವನಹಳ್ಳಿಯ ಲಕ್ಷ್ಮಮ್ಮನಿಗೆ ಹರಕೆ ಹೊರುತ್ತಿದ್ದೆ. ಆಕೆಗಾದರೂ ಎಷ್ಟು ಕೆಲಸ! ಒಂದು ದಿನ ಪಕ್ಕದಲ್ಲಿದ್ದ ಹೆಂಗಸು, "ಆಯಪ್ಪ ಯಾರಮ್ಮ, ನಿಮ್ಮೋರಾ?" ಎಂದು ಕೇಳಿದಳು. "ನಮ್ಮ ಬೀದಿಯವರು" ಎಂದೆ. ಸುಳ್ಳೇನಲ್ಲವಲ್ಲ, ನಮ್ಮ ಬೀದಿಯವರೇ!

ಒಂದು ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಅಲ್ಲಿ ದೊಡ್ಡ ಗಲಾಟೆ. ಪಾವಗಡದ ಕಡೆಯ ಒಬ್ಬ ಮುದುಕ, ಹಣೆ ತುಂಬ ಕುಂಕುಮ, ಹೆಗಲಿಗೆ ಜೋಳಿಗೆ, ಒಂಟಿ ಕಾಲಿನಲ್ಲಿ ಕಂಬಕ್ಕೆ ಒರಗಿ ನಿಂತವನು ಮಾವನವರ ಕಣ್ಣಿಗೆ ಬಿದ್ದಿದ್ದ. ಎಂದಿನಂತೆ ಅಪ್ಪಣೆಯಾಯಿತು. ಪಾಪ, ದೊಡ್ಡ ಮನುಷ್ಯರು ಏನೋ ಹೇಳುತ್ತಿದ್ದಾರೆಂದು ಆತ ಅಲ್ಲಾಡದೆ ನಿಂತ. ಕಣ್ಣೆದುರಿಗೇ ಪಾವಗಡದ ಕೊನೆಯ ಬಸ್ಸು ಹೊರಟುಹೋಯಿತು!

"ಏಮಯ್ಯಾ ಸ್ವಾಮೀ, ಕಾಲು ಕದಲಿಸಬ್ಯಾಡ ಅಂತಿ ನನ್ ಬಸ್ಸೇ ಪೋಗೊಟ್ಟಿ ಕದಯ್ಯಾ! ಈಗ ನಾನೇಡಿಕೆ ಹೋಗೋದು?" ಎಂದು ಬೊಚ್ಚುಬಾಯಿಯಲ್ಲಿ ತೆಲುಗು ಬೆರೆಸಿ ಕೂಗುತ್ತಿದ್ದ.

ಮಾವನವರ ಗಮನವೆಲ್ಲ ಆ ಬೊಚ್ಚುಬಾಯಿಯ ಮೇಲೆ. "ಮೇಲಿಂದೂ ಇಲ್ಲ, ಕೆಳಗಿಂದೂ ಇಲ್ಲ! ನಡಿಯಪ್ಪಾ ಮನೆಗೆ" ಎಂದು ಕೈ ಹಿಡಿದು ಕರೆತಂದರು. ಆತ ನಮ್ಮಲ್ಲೇ ಉಂಡ, ನಮ್ಮ ಜಗಲಿಯಲ್ಲೇ ಮಲಗಿದ. ಬೆಳಿಗ್ಗೆ ಬಾಯಿಯ ಅಳತೆ ಕೊಟ್ಟು ಮೊದಲ ಬಸ್ಸಿಗೆ ಹೋದ. ಮುಂದೆ ಯಾವಾಗಲೋ ಬಂದು ಹೊಸ ಸೆಟ್ಟು ಹಾಕಿಕೊಂಡೂ ಹೋದನಂತೆ. ಏನು ಕೆಲಸ ಮಾಡುವವನು ಎಂದು ಮಾವನವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಿರಾದ ಕಥೆ ಇನ್ನೂ ಚೆಂದ. ಅಲ್ಲಿಯ ಡಾಕ್ಟರಿಗೆ ಸೆಟ್ಟು ಕೊಡಲು ಹೋಗುವಾಗ, ನನಗೂ ಅಲ್ಲೊಬ್ಬ ಗೆಳತಿಯನ್ನು ನೋಡುವುದಿತ್ತಲ್ಲ ಎಂದು ಜೊತೆಗೆ ಹೋಗಿದ್ದೆ. ಬುದ್ಧಿ ಬೇಡವೇ ನನಗೆ? ಚಹಾ ಅಂಗಡಿಯಲ್ಲಿ ಆಡಿನ ವ್ಯಾಪಾರದ ಒಬ್ಬ ಸಾಬರು ಕೂತಿದ್ದರು. ಗಡ್ಡ ಎದೆಯವರೆಗೆ, ಬೆಳ್ಳಗೆ, ರೇಷ್ಮೆಯ ಹಾಗೆ. ಆಗ ಮಾವನವರಿಗೆ ಗೊಂಬೆಗಳ ತಲೆಗೆ ನಿಜವಾದ ಕೂದಲು ಅಂಟಿಸುವ ಹುಚ್ಚು ಹಿಡಿದಿತ್ತು. ಲೋಟ ಕೆಳಗಿಟ್ಟು ಎದ್ದು ಹೋಗಿ, "ಸಾಬ್ರೆ, ತಪ್ಪು ತಿಳೀಬ್ಯಾಡಿ, ನಿಮ್ಮ ಗಡ್ಡದಾಗೆ ಒಂದು ಚಿಟಿಕೆ ಕೊಡ್ತೀರಾ?" ಎಂದರು! ಇಡೀ ಅಂಗಡಿ ನಮ್ಮ ಕಡೆ ತಿರುಗಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಸಾಬರು ಮಾವನವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಗಡ್ಡ ನೀವಿಕೊಂಡರು.

"ನಂದ್ಯಾಕೆ ಸಾಬ್? ನಮ್ ಬಕ್ರಾದ್ದು ತಗೊಳ್ಳಿ. ಅದ್ರದ್ದು ನನಗಿಂತ ಸಾಫ್ ಐತೆ!" ಎಂದರು.

ಹೇಳಿದ್ದಷ್ಟೇ ಅಲ್ಲ, ಮುಂದಿನ ವಾರ ಮಧುಗಿರಿಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆಡಿನ ಗಡ್ಡದ ಒಂದು ಪೊಟ್ಟಣ ಕಳಿಸಿಕೊಟ್ಟರು. ಕಂಡಕ್ಟರ ಬಸ್‌ಸ್ಟ್ಯಾಂಡಿನ ನಡುವೆ ಅದನ್ನು ಬಿಚ್ಚಿ ತೋರಿಸಿ, "ಟೀಚರಮ್ಮಾ, ನಿಮ್ಮ ಮನೆಗೆ ಗಡ್ಡ ಬಂದೈತೆ" ಎಂದ. ನಾನು ಬೇರೇನು ಮಾಡಲಿ, ಸೆರಗು ಎಳೆದುಕೊಂಡೆ.

ಈಗ ಮೊಣಕಾಲಿನ ವಿಚಾರಕ್ಕೆ ಬರುತ್ತೇನೆ.

ರಾಳದ ಕೈಕಾಲು ಕೊಯ್ದು ಬೇರೆ ಭಂಗಿಗೆ ತಿರುಗಿಸಿ ಬರೀ ಅಂಟಿಸಿದರೆ ನಿಲ್ಲುವುದಿಲ್ಲ. ಒಳಗೆ ಒಂದು ಸಣ್ಣ ಕಡ್ಡಿ ಬೇಕು. ಮಾವನವರಿಗೆ ಅದಕ್ಕೆ ಸಿಕ್ಕಿದ್ದು ನನ್ನ ಹೊಲಿಗೆಯ ಸೂಜಿಗಳು. ಸೂಜಿಯನ್ನು ಇಕ್ಕಳದಲ್ಲಿ ತುಂಡು ಮಾಡಿ, ಬಿಸಿ ಮಾಡಿ, ರಾಳಕ್ಕೆ ಚುಚ್ಚಿ ಕಾಲು ಕೂರಿಸುತ್ತಿದ್ದರು. ನಾನು ರವಿಕೆಯ ಗುಂಡಿ ಹೊಲಿಯಲು ಕೂತರೆ ಡಬ್ಬಿಯಲ್ಲಿ ಸೂಜಿಯೇ ಇಲ್ಲ. ಮತ್ತೆ ಅಂಗಡಿಗೆ ಓಟ.

ಎದುರುಮನೆಯ ಗಂಗಕ್ಕನದು ಆಡು ಕುರಿ ಸಾಕುವ ಮನೆ. ಗಟ್ಟಿಗಿತ್ತಿ, ಊರಿನ ಸುತ್ತ ಅವಳು ತುಳಿಯದ ಕಲ್ಲಿಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಒಂದು ಬೆಳಿಗ್ಗೆ ಮಜ್ಜಿಗೆ ಕೇಳಲು ಹಿತ್ತಿಲ ಕಡೆಯಿಂದ ಬಂದವಳು ಅಡುಗೆಮನೆಯ ಕಿಟಕಿ ನೋಡಿದಳು. ಅಲ್ಲಿ ಹೆಬ್ಬೆರಳೆತ್ತರದ ಗಂಗಕ್ಕ! ಅದೇ ದೊಡ್ಡ ಕುಂಕುಮ, ಅದೇ ಮೂಗುಬೊಟ್ಟು, ಅದೇ ನರೆತ ತುರುಬು. ಬಣ್ಣ ಬಳಿದ ತಲೆ ಒಂದು ಸೂಜಿಯ ತುದಿಯಲ್ಲಿ. ತಲೆಯಿಲ್ಲದ ಮೈ ಪಕ್ಕದಲ್ಲಿ. ಎರಡು ಮೊಣಕಾಲಿನಲ್ಲೂ ಎರಡು ಸೂಜಿ!

ಅವಳು ಕಿರುಚಿದ್ದು ಕೆರೆಯಾಚೆಗೂ ಕೇಳಿಸಿರಬೇಕು. "ಅಯ್ಯೋ ಬನ್ರಪ್ಪೋ! ಹಲ್ಲು ಕಟ್ಟೋನು ನಂಗೆ ಮಾಟ ಮಾಡ್ಬುಟ್ಟವ್ನೆ! ನನ್ ಮಂಡಿಗೆ ಸೂಜಿ ಹೊಡ್ದವ್ನೆ!"

ಬೀದಿಗೆ ಬೀದಿಯೇ ನಮ್ಮ ಹಿತ್ತಿಲಿಗೆ ಬಂತು. ಗೊಂಬೆ ಮಾಡಿ ಸೂಜಿ ಚುಚ್ಚಿದರೆ ಅದಕ್ಕೆ ನಮ್ಮೂರಲ್ಲಿ ಒಂದೇ ಅರ್ಥ. ಎಳೆ ಮಗುವಿಗೂ ಗೊತ್ತು. ಇಷ್ಟು ವರ್ಷ ಅದೇ ಊರಲ್ಲಿದ್ದ ನಮ್ಮ ಮಾವನವರಿಗೆ ಮಾತ್ರ ಹೊಳೆದಿರಲಿಲ್ಲ. ಹೋಗಲಿ, ಓದಿದವಳೆಂದು ಹೆಸರಾದ ನನಗಾದರೂ ಹೊಳೆಯಬಾರದೇ!

"ನನ್ ಕೂದ್ಲೂ ಕಿತ್ಕೊಂಡವ್ನೆ ನೋಡ್ರಪ್ಪಾ!" ಎಂದು ಗಂಗಕ್ಕ ಗೊಂಬೆಯ ತುರುಬು ತೋರಿಸಿದಳು.

"ನಿಂದಲ್ಲ ಕಣಮ್ಮ ಅದು, ಸಿರಾದ ಆಡಿನ ಗಡ್ಡ!" ಎಂದರು ಮಾವನವರು, ಸಮಾಧಾನ ಮಾಡಲು.

ಜನ ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಯಾರೋ, "ಸೂಜಿ ಯಾರ್ದು?" ಎಂದರು. ಗುಂಪಿನಲ್ಲಿದ್ದ ಅಂಗಡಿಯ ಶೆಟ್ಟರು ಗಂಟಲು ಸರಿಮಾಡಿಕೊಂಡು, "ಟೀಚರಮ್ಮ ವಾರವಾರ ಸೂಜಿ ತಗೊಂಡೋಗ್ತಾರೆ. ಅಷ್ಟು ಬಟ್ಟೆ ಎಲ್ಲೈತೆ ಇವರ ಮನೇಲಿ ಅಂತ ನಾನೂ ಅಂದ್ಕೊತಿದ್ದೆ" ಎಂದುಬಿಟ್ಟರು! ಮಾಟಗಾರ ಮಾವ, ಸೂಜಿ ತಂದುಕೊಡುವ ಸೊಸೆ! ಅಲ್ಲಿಯವರೆಗೆ ಮಾವನವರ ಹುಚ್ಚಿಗೆ ನಾಚುತ್ತಿದ್ದವಳು ಅಂದಿನಿಂದ ನನ್ನ ಸ್ವಂತ ನಾಚಿಕೆ ಹೊತ್ತುಕೊಂಡು ತಿರುಗಬೇಕಾಯಿತು. ಸ್ಕೂಲಿನಲ್ಲಿ ಮಕ್ಕಳು ನಾನು ಕಿವಿ ಹಿಂಡುವ ಮೊದಲೇ ಮಗ್ಗಿ ಒಪ್ಪಿಸತೊಡಗಿದರು, ಅಷ್ಟೇ ಲಾಭ.

ಆದರೆ ಇದು ನಗುವ ವಿಚಾರವಾಗಿ ಉಳಿಯಲಿಲ್ಲ. ಮಾಟಗಾರ ಕಟ್ಟಿದ ಹಲ್ಲನ್ನು ಯಾರು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ? ಡಾಕ್ಟರುಗಳು ಅಳತೆ ಕಳಿಸುವುದನ್ನು ನಿಲ್ಲಿಸಿದರು. ಕೊರಟಗೆರೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸೆಟ್ಟನ್ನು ಪೇಪರಿನಲ್ಲಿ ಸುತ್ತಿ ವಾಪಸ್ ತಂದುಕೊಟ್ಟರು. ಇದನ್ನು ಹಾಕಿಕೊಂಡಾಗಿನಿಂದ ಹೆಂಡತಿಯ ಮುಂದೆ ಬಾಯಿ ಕಟ್ಟಿದಂತಾಗಿದೆ, ಮಾತೇ ಹೊರಡುವುದಿಲ್ಲ ಎಂದರು. "ಮೊದ್ಲು ಹೊರಡ್ತಿತ್ತಾ ಮೇಷ್ಟ್ರೆ?" ಎಂದು ಮಾವನವರು ಕೇಳಿದರು. ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟುಹೋದರು. ಗುಲಾಬಿ ಪುಡಿಯ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಮಾವನವರು ಅರವನ್ನು ಒರೆಸಿ ಒರೆಸಿ ಇಡುತ್ತಿದ್ದರು. "ಅಪ್ಪಾ, ಆ ಬಸ್‌ಸ್ಟ್ಯಾಂಡ್ ಒಡೆದು ಒಲೆಗೆ ಹಾಕಿಬಿಡೋಣ" ಎಂದು ನಮ್ಮ ಮನೆಯವರು ಹೇಳಿದಾಗ ಅವರು ನನ್ನ ಮುಖ ನೋಡಿದರು. ನಾನು ಬೇಡ ಎನ್ನಲಿಲ್ಲ. ಬಾಗಿಲಲ್ಲಿ ನಿಂತು ಅವರು ಕೊಯ್ಯುವುದನ್ನು ನೋಡಿದ್ದೆನೇ ಹೊರತು ಆ ಕೋಣೆಯೊಳಗೆ ನಾನು ಕಾಲಿಟ್ಟವಳಲ್ಲ; ಕಿಟಕಿಯಲ್ಲಿ ಒಣಗುವವರನ್ನು ಬಿಟ್ಟರೆ ಅವರ ಬಸ್‌ಸ್ಟ್ಯಾಂಡು ಎಷ್ಟಾಗಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಒಡೆಯುವ ಮೊದಲು ಮಾಟ ಬಿಡಿಸಬೇಕು ಎಂದು ಬೀದಿಯವರು ಹಟ ಹಿಡಿದರು. ಹಾಗೇ ಒಡೆದರೆ ಗಂಗಕ್ಕನ ಕಾಲೂ ಮುರಿದರೆ? ಪಾವಗಡದ ಕಡೆಯಿಂದ ದೊಡ್ಡ ಮಂತ್ರವಾದಿಯನ್ನು ಕರೆಸಿದರು. ನಿಂಬೆಹಣ್ಣು, ಬೇವಿನಸೊಪ್ಪು ಹಿಡಿದು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿಯ ತಿರುವಿನಲ್ಲಿ ಆತ ಕಾಣಿಸಿಕೊಂಡ. ಬಸ್ಸು ತಪ್ಪಿಸಿಕೊಂಡ ಅದೇ ಮುದುಕ! ಕಟ್ಟಿಸಿಕೊಂಡ ಹಲ್ಲು ನನಗೆ ನೆನಪಾಗಲೇ ಇಲ್ಲ, ಹಳೆಯ ಸೇಡೆಲ್ಲ ಈಗ ತೀರಿಸಿಕೊಳ್ಳುತ್ತಾನೆ ಎಂದುಕೊಂಡೆ.

ಆತ ನಮ್ಮ ಜಗಲಿಯವರೆಗೆ ಬಂದು ನಿಂತ. ಮಾವನವರನ್ನು ನೋಡಿದ. ಬಾಯಿ ಅಗಲಿಸಿ ನಕ್ಕ. ಬಾಯಿ ತುಂಬ ಬೆಳ್ಳನೆಯ ಹಲ್ಲು!

"ಓರ್ನಾಯ್ನೋ! ಈ ಸ್ವಾಮೀನಾ ನೀವು ಮಾಟಗಾಡು ಅಂತಿರೋದು? ನಾ ಪಳ್ಳು ಚೂಡಂಡಿ!" ಎಂದು ಎರಡೂ ಸೆಟ್ಟು ತೆಗೆದು ಅಂಗೈಯಲ್ಲಿಟ್ಟು ಸುತ್ತಲೂ ತೋರಿಸಿದ. ಮತ್ತೆ ಹಾಕಿಕೊಂಡು ಮಾತು ಮುಂದುವರಿಸಿದ. "ಈಯಪ್ಪ ಬಾಯಿ ಕಟ್ಟೋನಾಗಿದ್ರೆ ಮೊದ್ಲು ನನ್ ಬಾಯೇ ಕಟ್ತಿದ್ದ. ಪಳ್ಳಿಲ್ದೆ ನನ್ ಮಂತ್ರ ದೇವರಿಗೇ ಅರ್ಥ ಆಗ್ತಿರಲಿಲ್ಲ. ಈಗ ಆಗ್ತೈತೆ!"

ಆದರೂ ಬಂದದ್ದಕ್ಕೆ ಏನಾದರೂ ವಿಧಿ ಹೇಳಬೇಕಲ್ಲ. "ಮಾಟ ಅನ್ನೋದು ಮುಚ್ಚಿಟ್ರೆ ಕಟ್ಟೋದು. ಯಾರ ಬೊಮ್ಮ ಐತೋ ಅವ್ರೇ ಹಗಲೊತ್ತು ಬಂದು ಕಣ್ಣಾರೆ ನೋಡಿಬುಟ್ರೆ ನಿಲ್ಲಂಗಿಲ್ಲ. ಎಲ್ಲಾನೂ ಜಗಲಿಗೆ ತನ್ನಿ. ಎಲ್ಲಾರೂ ನೋಡ್ರಿ. ಆಮ್ಯಾಕೆ ಇಡೋದೋ ಒಡೆಯೋದೋ ನೀವೇ ಹೇಳ್ರಿ" ಎಂದ.

ಬಸ್‌ಸ್ಟ್ಯಾಂಡು ಕೂರಿಸಿದ್ದ ದೊಡ್ಡ ಹಲಗೆಯ ಒಂದು ತುದಿ ನಮ್ಮ ಮನೆಯವರು, ಇನ್ನೊಂದು ತುದಿ ನಾನು ಹಿಡಿದು ಹೊರಗೆ ತಂದೆವು. ಮೇಲೆ ಹಳೆಯ ಪಂಚೆ ಹೊದಿಸಿತ್ತು. ಕೈಗಳೆರಡೂ ಹಲಗೆಗೆ ಸಿಕ್ಕಿಕೊಂಡಿದ್ದರಿಂದ ಸೆರಗು ಎಳೆದುಕೊಳ್ಳಲೂ ಆಗದೆ ನಾನು ಕಣ್ಣು ಮುಚ್ಚಿಕೊಂಡೆ. ಮಾವನವರು ಪಂಚೆ ಸರಿಸಿದರು.

ಜನ ಹಲಗೆಯ ಸುತ್ತ ಮುಗಿಬಿದ್ದರು. ಆಮೇಲೆ ಒಂದು ದನಿ: "ಲೇ, ಇದು ನಮ್ಮಣ್ಣ ಕಣ್ಲಾ! ಬೀಡಿ ಹಿಡ್ಕೊಂಡಿರೋದು ನೋಡ್ಲಾ!"

ತಗೊಳ್ಳಿ, ಶುರುವಾಯಿತು. ಕೊಡಿಗೇನಹಳ್ಳಿಯ ಬಸ್ಸಿಗೆ ಕಾಯುವವರು, ಹಿಂದೂಪುರಕ್ಕೆ ಹೋಗುವ ನೇಯ್ಗೆಯವರು, ಬುಟ್ಟಿ ಇಳಿಸಿಕೊಳ್ಳಲು ಕೈ ಚಾಚಿದ ಸಾಕಮ್ಮ, ಕಂಬಕ್ಕೆ ಒರಗಿದ ನಮ್ಮ ಮಂತ್ರವಾದಿ, ಎಲ್ಲರೂ ಅಲ್ಲಿದ್ದರು. ಗಲಾಟೆ ಕೇಳಿ ವಿಚಾರಣೆಗೆಂದು ಬಂದ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಬಗ್ಗಿ ನೋಡಿದರು. ಅಲ್ಲಿ ಅವರೂ ಇದ್ದರು, ಹೊಟ್ಟೆಸಮೇತ. ಬಹಳ ಹೊತ್ತು ನೋಡಿದವರು ಮಾವನವರನ್ನು ಪಕ್ಕಕ್ಕೆ ಕರೆದು, "ಇದನ್ನ ಸ್ವಲ್ಪ ಉಜ್ಜೋಕಾಗುತ್ತಾ?" ಎಂದು ಮೆಲ್ಲಗೆ ಕೇಳಿದರು. ಗೊಂಬೆ ಮಾಡಿದ್ದು ತಪ್ಪು ಎಂದು ಬಂದವರು, ತಮ್ಮ ಗೊಂಬೆ ಇಲ್ಲದ್ದು ತಪ್ಪು ಎಂದು ಜಗಳ ತೆಗೆದರು. "ದಿನಾ ಬಸ್‌ಸ್ಟ್ಯಾಂಡಲ್ಲೇ ಬಿದ್ದಿರ್ತೀನಿ, ನಾನ್ ಕಾಣಲಿಲ್ವಾ ನಿಂಗೆ?" ಎಂದು ಶೆಟ್ಟರ ತಮ್ಮ ಮುಖ ಊದಿಸಿಕೊಂಡ. ಮಂತ್ರವಾದಿ ಬರುವ ಸುದ್ದಿ ಕೇಳಿ ಕೊರಟಗೆರೆಯ ಮೇಷ್ಟ್ರೂ ಬಂದಿದ್ದರು, ತಮ್ಮ ಸೆಟ್ಟು ಕೇಳಿ ಪಡೆದು, ಬಾಯಿಗೆ ಹಾಕಿಕೊಂಡು, ಆಡಿದ ಮೊದಲ ಮಾತು: "ನಾನೆಲ್ಲಿ?"

ಗಂಗಕ್ಕ ಮಾತ್ರ ಬಿಡಲಿಲ್ಲ. "ನನ್ ಮಂಡೀಲಿರೋ ಸೂಜಿ ಕೀಳು ಮೊದ್ಲು!"

"ಕಿತ್ರೆ ಕಾಲೇ ಬಿದ್ದೋಗ್ತವೆ ಕಣಮ್ಮ!"

ಗಂಗಕ್ಕ ಮತ್ತೆ ಬಾಯಿ ಬಡಿದುಕೊಳ್ಳುವ ಮೊದಲೇ ಮಾವನವರು ಕೈ ಅಡ್ಡ ಹಿಡಿದರು. "ನೋಡಮ್ಮ, ನೀನು ಬಸ್ಸಿಗೆ ಕಾಯೋವಾಗ ಯಾವತ್ತೂ ಕೂರಲ್ಲ. ಕೂತ್ರೆ ಏಳಕ್ಕಾಗಲ್ಲ ಅಂತ ಕಂಬ ಹಿಡ್ಕೊಂಡು ನಿಂತೇ ಇರ್ತೀಯ. ಅದಕ್ಕೇ ನಿಂತಂಗೆ ಮಾಡಿದ್ದು. ಈಗ ಸೂಜಿ ಬ್ಯಾಡ, ಕಾಲು ಮಡಿಸಿ ಕಲ್ಲುಬೆಂಚಿನ ಮ್ಯಾಲೆ ಕೂರಿಸ್ಬುಡ್ತೀನಿ. ಸರಿನಾ?"

ಗಂಗಕ್ಕ ಗೊಂಬೆಯ ಕಡೆ ಬಗ್ಗಿದಳು. "ನಾನ್ ಕೂರಲ್ಲ ಅಂತ ನಿಂಗೆಂಗೆ ಗೊತ್ತು?" ಎಂದಳು, ದನಿ ತಗ್ಗಿಸಿ. ಹಲಗೆಯ ಮೇಲಿನ ಬೆಂಚಿನಲ್ಲಿ ಜಾಗವಿಲ್ಲದ್ದರಿಂದ ಕಂಡಕ್ಟರನನ್ನು ಎಬ್ಬಿಸಿ ಅವಳನ್ನು ಕೂರಿಸಲಾಯಿತು. ತನ್ನ ಗೊಂಬೆಯನ್ನು ಮತ್ತೆ ಯಾರೂ ಚುಚ್ಚದಂತೆ ಕಾಯಲು ಅವಳು ಅಂದಿಡೀ ನಮ್ಮ ಜಗಲಿ ಬಿಟ್ಟು ಏಳಲಿಲ್ಲ. ಆಡುಗಳನ್ನು ಮಗ ಹೊಡೆದುಕೊಂಡು ಹೋದ. ಸಂಜೆಗೆ, "ನೋವು ಒಸಿ ವಾಸಿ ಕಣಮ್ಮ" ಎಂದಳು. ಇಡೀ ದಿನ ಕೂತರೆ ಯಾರ ಮೊಣಕಾಲಿಗೆ ತಾನೆ ವಾಸಿಯಾಗುವುದಿಲ್ಲ! ಒಡೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಜನ ಸ್ವಲ್ಪ ಕರಗಿದ ಮೇಲೆ ನಾನೂ ಹಲಗೆಯ ಹತ್ತಿರ ಬಗ್ಗಿ ನೋಡಿದೆ. ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಮಾವನವರೇ ಇದ್ದರು, ಕಂಕುಳಲ್ಲಿ ಕೊಡೆ, ಮುಂದೆ ಚಾಚಿದ ಹೆಬ್ಬೆರಳು. ನಕ್ಕೆ. ಆಮೇಲೆ ಹಲಗೆಯ ಆ ತುದಿಗೆ ಕಣ್ಣು ಹೋಯಿತು. ಎಲ್ಲರಿಂದ ದೂರ, ಒಂದು ಕಂಬದ ಮರೆಯಲ್ಲಿ, ಅವರ ಕಡೆಗೆ ಬೆನ್ನು ಮಾಡಿ ಒಬ್ಬಳು ನಿಂತಿದ್ದಳು. ನೀಲಿ ಸೀರೆ, ಹೆಗಲಿಗೆ ಸ್ಕೂಲಿನ ಚೀಲ. ಸೆರಗಿನ ತುದಿಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಿದ್ದಳು. ಆ ಸೆರಗಿನ ಒಂದೊಂದು ನೆರಿಗೆಯನ್ನೂ ಬಿಡದೆ ತಿದ್ದಿದ್ದರು.

"ಮಾವ, ಇವಳು..." ಎಂದೆ.

"ನೀನೇ ಕಣಮ್ಮ" ಎಂದರು. "ನೀನು ನಿಲ್ಲೋದು ಅಂಗೇ ಅಲ್ವಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಗಂಗಕ್ಕ ನಿಲ್ಲುವುದು ಹೀಗೆ ಎಂದು ಹೇಳಿದ ದನಿಯಲ್ಲೇ ಹೇಳಿದ್ದರು. ಎಲ್ಲರನ್ನೂ ನೋಡುತ್ತಿದ್ದವರು ನನ್ನನ್ನೂ ನೋಡಿದ್ದರು. ದಿನಾ ಬೆಳಿಗ್ಗೆ ಸೊಸೆ ತಮ್ಮಿಂದ ಸರಿದು ಹೋಗಿ ಕಂಬದ ಹಿಂದೆ ನಿಲ್ಲುವುದನ್ನು ನೋಡಿಯೂ ಮರುದಿನ ಕೊಡೆ ಹಿಡಿದು ಜೊತೆಗೆ ಹೊರಡುತ್ತಿದ್ದರು. ಅವರಿಂದಾಗಿ ಎಷ್ಟೋ ಸಲ ನಾಚಿದ್ದೆ. ಅವರ ಮುಂದೆ ನಾಚಿ ತಲೆ ತಗ್ಗಿಸಿದ್ದು ಅದೇ ಮೊದಲು.

"ಮಾವ, ಆ ಕೈ ಕೆಳಗೆ ಇಳಿಸೋಕಾಗುತ್ತಾ?" ಎಂದು ಕೇಳಿದೆ.

"ಅದ್ಕೇನು, ಭುಜದತ್ರ ಕುಯ್ದು ಸೂಜಿ ಹಾಕಿ ತಿರುಗಿಸಿದ್ರಾಯ್ತು. ಆದ್ರೆ..." ಮಾವನವರು ತಲೆ ಕೆರೆದುಕೊಂಡರು. "ಸೆರಗಿನೊಳಗೆ ಮುಖ ಇಲ್ಲ ಕಣಮ್ಮ. ಬಸ್‌ಸ್ಟ್ಯಾಂಡಲ್ಲಿ ನಿನ್ ಮುಖ ನಾನು ಯಾವತ್ತೂ ನೋಡೇ ಇಲ್ವಲ್ಲ, ಹೆಂಗೆ ಮಾಡ್ಲಿ?"

ನಾನು ಒಳಗೆ ಹೋಗಿ ಗುಲಾಬಿ ಪುಡಿಯ ಡಬ್ಬಿ, ಮೂಗು ಸುಡುವ ಆ ನೀರಿನ ಶೀಸೆ ತಂದು ಅವರ ಮುಂದಿಟ್ಟೆ. ನನ್ನ ಹೊಲಿಗೆ ಡಬ್ಬಿಯಿಂದ ಹೊಸ ಸೂಜಿಯನ್ನೂ ತಂದೆ. ಅವರು ಪುಡಿ ಕಲೆಸಲು ಕೂತರು. ನಾನು ಜಗಲಿಯಿಂದ ಇಳಿದು, ಸಂಜೆಯ ಬೆಳಕು ಬೀಳುತ್ತಿದ್ದ ಕಡೆ ನಡುಬೀದಿಯಲ್ಲಿ ನಿಂತೆ. ಗಂಗಕ್ಕ, ಶೆಟ್ಟರು, ಮಂತ್ರವಾದಿ, ಇನ್ನೂ ಯಾರ್ಯಾರೋ ನೋಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಖ ಎತ್ತಿದೆ. ಮಾವನವರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಚಾಚಿದರು. ನನ್ನ ಕಣ್ಣು ತುಂಬಿ ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದೆ.

"ಕಣಕ ಬಂದೈತೆ ತಾಯಿ" ಎಂದರು ಮಾವನವರು. "ಅಂಗೇ ನಿಂತ್ಕೋ, ಅಲ್ಲಾಡಬ್ಯಾಡ."

ಕೈ ಕೆಳಗಿಳಿಸಿ ಹಾಗೇ ನಿಂತೆ.